ಮೈಕಮ್ಮ ಒಪ್ಪಿಸಿದ ಕತೆ

ನಮ್ಮ ಬಸ್ ನಿಲ್ದಾಣದಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದವನು ಸಂಬಳ ಕೊಡುವ ಗುಮಾಸ್ತ ಒಬ್ಬನೇ ಇರಬೇಕು. ಉಳಿದವರಿಗೆಲ್ಲ ಅವಳು ಮೈಕಮ್ಮ. ಮೊದಲನೇ ಮಹಡಿಯಲ್ಲಿ ಗಾಜು ಹಾಕಿದ ಗೂಡಿನಂಥ ಒಂದು ಕೋಣೆ. ಅದರೊಳಗೆ ಒಂದು ಮೈಕು, ಕಿರುಗುಟ್ಟುವ ಒಂದು ಫ್ಯಾನು, ಒಂದು ನೀರಿನ ಬಾಟಲಿ ಮತ್ತು ಅವಳು. ಸರಿಯಾಗಿ ಅದರ ಕೆಳಗೆ ವಿಚಾರಣೆ ಕೌಂಟರು, ಅಲ್ಲಿ ನಾನು. ಇಪ್ಪತ್ತು ವರ್ಷಕ್ಕೂ ಮೇಲೆ ಅವಳು ನನ್ನ ತಲೆಯ ಮೇಲೆ ಕೂತು ಮಾತಾಡಿದ್ದಾಳೆ. ನನ್ನನ್ನು ಅವಳು ಕರೆಯುತ್ತಿದ್ದದ್ದು ‘ಕಿಟಕಿ’ ಅಂತ. ನಾನು ‘ಅಕ್ಕ’ ಅನ್ನುತ್ತಿದ್ದೆ. ಮೊದಮೊದಲು ‘ನೀವು, ತಾವು’ ಎಂದೆಲ್ಲ ಮರ್ಯಾದೆ ಕೊಡಲು ಹೋದೆ. “ಬಹುವಚನ ಹಾಕಿದ್ರೆ ವಯಸ್ಸಾದ ಹಾಗೆ ಅನಿಸುತ್ತೆ, ಬಿಡೇ” ಎಂದಳು. ಬಿಟ್ಟೆ.

ಮೈಕಿನಲ್ಲಿ ಹೇಳಬೇಕಾದದ್ದು ಇಷ್ಟೇ: ಯಾವ ಬಸ್ಸು, ಎಲ್ಲಿಗೆ, ಯಾವ ಪ್ಲಾಟ್‌ಫಾರಂ, ಎಷ್ಟು ಹೊತ್ತಿಗೆ. ಅವಳು ಅಷ್ಟಕ್ಕೇ ನಿಲ್ಲಿಸುವವಳಲ್ಲ. “ಬಂದರಿಗೆ ಹೋಗುವ ಬಸ್ಸು ಮೂರನೇ ಪ್ಲಾಟ್‌ಫಾರಂನಿಂದ ಹೊರಡಲಿದೆ. ಕಂಬದ ಹತ್ರ ನಿಂತು ಜಗಳ ಆಡ್ತಿರೋ ಗಂಡ ಹೆಂಡತಿ ದಯವಿಟ್ಟು ಗಮನಿಸಿ, ನಿಮ್ಮ ಬಸ್ಸೂ ಅದೇ. ಜಗಳನ ಸೀಟಲ್ಲಿ ಕೂತು ಮುಂದುವರಿಸಬಹುದು.” ಇಡೀ ನಿಲ್ದಾಣ ನಗುತ್ತಿತ್ತು. ನಿಯಂತ್ರಣಾಧಿಕಾರಿ ಮೆಮೊ ಕಳಿಸುತ್ತಿದ್ದ. ಅವಳು ಅದನ್ನು ನಾಲ್ಕಾಗಿ ಮಡಚಿ ಅಲುಗಾಡುವ ಮೇಜಿನ ಕಾಲಡಿಗೆ ಒತ್ತು ಕೊಡುತ್ತಿದ್ದಳು.

ಗಂಡ ಬೇಗ ತೀರಿಕೊಂಡ. ಒಬ್ಬಳು ಮಗಳು. ಆ ಮಗಳಿಗೆ ಆರು ವರ್ಷವಾಗಿದ್ದಾಗ ಮನೆಗೆ ಇನ್ನೊಂದು ಮಗು ಬಂತು, ತಮ್ಮನ ಮಗ. ತಾಯಿ ಸತ್ತ ಮೇಲೆ ತಂದೆ ಎರಡನೇ ಸಂಸಾರ ಹೂಡಿದ. ಆ ಸಂಸಾರದಲ್ಲಿ ಹುಡುಗನಿಗೆ ಜಾಗವಿರಲಿಲ್ಲ. ಅಕ್ಕನೇ ಹೋಗಿ ಕರಕೊಂಡು ಬಂದಳು. ಅವನನ್ನು ‘ಮರಿ’ ಅಂದಳು. ಮುಂದೆ ಅವನು ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಬೆಳೆದ ಮೇಲೂ ಅವನು ಮರಿಯೇ. ಮುರಿದ ಬಿಸ್ಕತ್ತು ಮಗಳಿಗೆ, ಇಡೀ ಬಿಸ್ಕತ್ತು ಮರಿಗೆ. “ಅತ್ತೆ ಅನ್ನೋ ಮಾತಿಗೆ ಕೆಟ್ಟ ಹೆಸರಿದೆ ಕಣೆ ಕಿಟಕಿ, ನಾನಾದ್ರೂ ಸರಿಮಾಡ್ತೀನಿ” ಅನ್ನುತ್ತಿದ್ದಳು. ಸರಿಮಾಡಿದಳು ಕೂಡ. ಅವನು ಓದಿದ್ದು, ಕಂಪ್ಯೂಟರು ಕಲಿತದ್ದು, ಒಳ್ಳೇ ಅಂಗಿ ಹಾಕಿಕೊಂಡು ಸಂದರ್ಶನಕ್ಕೆ ಹೋದದ್ದು ಎಲ್ಲವೂ ಆ ಗಾಜಿನ ಗೂಡಿನ ಸಂಬಳದಲ್ಲೇ.

ಬಂದ ಹೊಸತರಲ್ಲಿ ಹುಡುಗ ಮಲಗುತ್ತಿರಲಿಲ್ಲ. ಅವನನ್ನು ಮಲಗಿಸಲು ಅಕ್ಕ ಒಂದು ಕತೆ ಕಟ್ಟಿದಳು. ದಿನವಿಡೀ ಬಸ್ಸಿನ ನಡುವೆ ಇರುವವಳು ಇನ್ನೇನು ಕಟ್ಟಿಯಾಳು, ಅದೂ ಬಸ್ಸಿನ ಕತೆಯೇ. ಬೋರ್ಡಿಲ್ಲದ ಒಂದು ಬಸ್ಸು. ಎಲ್ಲಿಗೆ ಹೋಗುತ್ತದೆಂದು ಡ್ರೈವರಿಗೂ ಗೊತ್ತಿಲ್ಲ. ಒಂದೊಂದು ದಿನ ಒಬ್ಬೊಬ್ಬರು ಹತ್ತುತ್ತಾರೆ, ಏನನ್ನೋ ಮರೆತು ಇಳಿಯುತ್ತಾರೆ. ಇವತ್ತು ಮುದುಕ ಬಿಟ್ಟುಹೋದ ಕೊಡೆ ನಾಲ್ಕು ದಿನ ಕಳೆದ ಮೇಲೆ ಹತ್ತುವ ಹುಡುಗಿಗೆ ಬೇಕಾಗುತ್ತದೆ. ಆ ಹುಡುಗಿ ಬಿಟ್ಟುಹೋದ ಬೀಗದ ಕೈ ಇನ್ನೊಬ್ಬನ ಮನೆಯ ಬಾಗಿಲು ತೆರೆಯುತ್ತದೆ. ಹೀಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕತೆ ಮುಂದಕ್ಕೆ ಹೋಗುತ್ತಲೇ ಇತ್ತು. ಮರಿ ದೊಡ್ಡವನಾದ, ಕತೆ ನಿಂತಿತು. ಮಗಳಿಗೆ ಮಗಳು ಹುಟ್ಟಿದಳು, ಕತೆ ಮತ್ತೆ ಹೊರಟಿತು. ಆ ಮೊಮ್ಮಗಳನ್ನು ನಾವು ಕರೆಯುವುದು ಚಿನಕುರುಳಿ ಅಂತ. ಒಂದು ಕಡೆ ನಿಲ್ಲದ ಆ ಮಗು ಅಜ್ಜಿಯ ಕತೆಗೆ ಮಾತ್ರ ಅಂಟಿಕೊಂಡು ಕೂರುತ್ತಿತ್ತು. “ಆಮೇಲೆ ಅಜ್ಜಿ? ಆಮೇಲೆ?”

ಅಷ್ಟರಲ್ಲಿ ಅಕ್ಕನ ಗಂಟಲು ಕೆಟ್ಟಿತು. ನೆಗಡಿ ಅಂದುಕೊಂಡೆವು. ಧೂಳು ಅಂದುಕೊಂಡೆವು. ಡೀಸೆಲ್ ಹೊಗೆ ಅಂತ ಅಧಿಕಾರಿಯನ್ನು ನಾಲ್ಕು ದಿನ ಬೈದೆವು. ಕೊನೆಗೆ ಡಾಕ್ಟರು ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು. ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಆಪರೇಷನ್ನಿಗೆ ಒಂದೂವರೆ ತಿಂಗಳು ಸಮಯ ಕೊಟ್ಟರು.

ಆಸ್ಪತ್ರೆಯಿಂದ ಹೊರಗೆ ಬರುತ್ತಾ ಅಕ್ಕ “ನಿನ್ನ ತಲೆನೋವು ಕಮ್ಮಿ ಆಯ್ತು ಬಿಡು ಕಿಟಕಿ” ಅಂದಳು. ನಾನು ನಗಲಿಲ್ಲ. ಅವಳೂ ನಗಲಿಲ್ಲ. ಮೆಟ್ಟಿಲ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಕೆಲಸದ ಚಿಂತೆ ಅವಳಿಗಿರಲಿಲ್ಲ. “ಮಗುಗೆ ಕತೆ ಅರ್ಧ ಆಗಿದೆ ಕಣೆ. ಇನ್ನರ್ಧ ಯಾರು ಹೇಳ್ತಾರೆ?” ಅಂತ ಅತ್ತಳು.

ಫೋನಿನಲ್ಲಿ ರೆಕಾರ್ಡು ಮಾಡಿಕೊಳ್ಳೋಣ ಅಂದದ್ದು ನಾನು. ನನ್ನ ಮಾತು ಕೇಳಿದ್ದರೆ ಎಲ್ಲ ನೆಟ್ಟಗಿರುತ್ತಿತ್ತು. ಈಗಲೂ ನನಗೆ ಅದೇ ಉರಿ. ಮರಿ ಅಡ್ಡ ಬಂದ. “ಫೋನಲ್ಲಿ ಬೇಡ ಅತ್ತೆ. ಫೋನು ಇವತ್ತು ಇರುತ್ತೆ, ನಾಳೆ ನೀರಿಗೆ ಬೀಳುತ್ತೆ. ನಮ್ಮ ಆಫೀಸಲ್ಲಿ ಮಾತು ಕೂಡಿಡೋಕೆ ಅಂತಲೇ ಕೋಣೆ ಇದೆ. ಅಲ್ಲಿ ಹೇಳಿ. ಒಂದು ಪದ ಕೂಡ ಕಳೆಯಲ್ಲ, ನನ್ನ ಜವಾಬ್ದಾರಿ.”

ಅವನ ಆಫೀಸಿನ ಕೆಲಸ ನನಗೆ ಅರ್ಥವಾದಷ್ಟು ಹೇಳುತ್ತೇನೆ. ಅವರು ಜನರಿಂದ ಮಾತು ಹೇಳಿಸಿ, ಅದನ್ನು ಬರಹಕ್ಕೆ ಇಳಿಸಿ, ಯಾವ ಪದವನ್ನು ಜನ ಎಷ್ಟು ಸಲ ಬಳಸುತ್ತಾರೆಂದು ಎಣಿಸಿ, ಫೋನು ತಯಾರಿಸುವವರಿಗೆ ಕೊಡುತ್ತಾರೆ. ನಾವು ಎರಡಕ್ಷರ ಒತ್ತಿದಾಗ ಫೋನು ತಾನಾಗಿ ಪೂರ್ತಿ ಪದ ತೋರಿಸುತ್ತದಲ್ಲ, ಅದಕ್ಕೆ. ಅಕ್ಕ ತನ್ನ ಪಾಳಿ ಮುಗಿಸಿ ಮಧ್ಯಾಹ್ನಗಳಲ್ಲಿ ಅಲ್ಲಿಗೆ ಹೋಗತೊಡಗಿದಳು. ನಾನೂ ಎಷ್ಟೋ ಸಲ ಜೊತೆಗೆ ಹೋಗಿದ್ದೇನೆ. ಗೋಡೆಗೆಲ್ಲ ದಪ್ಪನೆಯ ಸ್ಪಂಜು ಅಂಟಿಸಿದ ಕೋಣೆ, ಎರಡೆರಡು ಬಾಗಿಲು. ನಾನು ಹೊರಗೆ ಬೆಂಚಿನ ಮೇಲೆ ಕೂತು ಗಾಜಿನಲ್ಲಿ ನೋಡುತ್ತಿದ್ದೆ. ಅವಳು ಕೈ ಎತ್ತಿ ಸ್ಟೇರಿಂಗ್ ತಿರುಗಿಸುತ್ತಿದ್ದಳು, ಕೊಡೆ ಬಿಚ್ಚುತ್ತಿದ್ದಳು, ಕಣ್ಣು ಅಗಲಿಸುತ್ತಿದ್ದಳು. ಒಂದಕ್ಷರವೂ ಹೊರಗೆ ಕೇಳುತ್ತಿರಲಿಲ್ಲ. ಅಷ್ಟು ವರ್ಷ ನನ್ನ ತಲೆಯ ಮೇಲೆ ಮಾತಾಡಿದವಳನ್ನು ದನಿಯಿಲ್ಲದೆ ನೋಡಿದ್ದು ಅದೇ ಮೊದಲು.

ಒಂದು ತಿಂಗಳು ತುಂಬುವ ಮುಂಚೆಯೇ ಕತೆ ಮುಗಿಯಿತು. ಮುಗಿಸಿ ಹೊರಗೆ ಬಂದವಳ ಮುಖ ನೋಡಬೇಕಿತ್ತು. “ಬಸ್ಸು ಎಲ್ಲಿಗೆ ಹೋಗುತ್ತೆ ಅಂತ ಕೊನೆಗೂ ಗೊತ್ತಾಯ್ತು” ಅಂದಳು. ಎಲ್ಲಿಗೆ ಅಂತ ಕೇಳಿದೆ. “ನೀನೂ ಚಿನಕುರುಳಿ ಜೊತೆ ಕೂತು ಕೇಳು. ಮುಂಚೆನೇ ಹೇಳಿಬಿಟ್ರೆ ಮಜಾ ಏನಿದೆ?” ಅಂದಳು. ಇನ್ನು ಗಂಟಲಿಗೆ ರಜೆ ಎಂದು ತೀರ್ಮಾನಿಸಿದಳು. ಆಪರೇಷನ್ನಿಗೆ ಮುಂಚೆ ಗಂಟಲನ್ನು ದಣಿಸಬೇಡಿ ಅಂತ ಡಾಕ್ಟರೂ ಹೇಳಿದ್ದರು. ಮಗುವಿಗೆ ಕೂಡ “ಎಲ್ಲ ಪೆಟ್ಟಿಗೇಲಿ ಇಟ್ಟಿದ್ದೀನಿ ಕಂದ, ಆಮೇಲೆ ಕೇಳೋಣ” ಎಂದು ಹೇಳಿ ಸುಮ್ಮನಾದಳು.

ಅದೇ ವಾರ ಮರಿ ಸಿಹಿ ಪೊಟ್ಟಣ ಹಿಡಿದು ಬಂದ. ಬಡ್ತಿ ಸಿಕ್ಕಿತ್ತು. ನಾನೂ ಅಲ್ಲಿದ್ದೆ, ಮಗಳೂ ಇದ್ದಳು. ಆಫೀಸಿನಲ್ಲಿ ಮಾತು ತುಂಬಿ ತುಂಬಿ ಜಾಗ ಸಾಲದೆ ಹೋಗಿತ್ತಂತೆ. ಇವನು ಒಂದು ಉಪಾಯ ಕಂಡುಹಿಡಿದು ಎಲ್ಲವನ್ನೂ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದನಂತೆ. ಅದೇನು ಉಪಾಯ ಅಂತ ಅಕ್ಕ ಕೇಳಿದಳು. ಅವನು ಮಂಚದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಪಾಠ ಶುರುಮಾಡಿದ.

“ಅತ್ತೆ, ಒಂದು ಬುಟ್ಟಿಗೆ ಹಣ್ಣು ಹಾಕ್ತೀವಿ. ಬುಟ್ಟೀಲಿ ಏನೇನಿದೆ, ಎಷ್ಟೆಷ್ಟಿದೆ ಅನ್ನೋದಷ್ಟೇ ಬೇಕು. ಯಾವುದನ್ನ ಮೊದಲು ಹಾಕಿದ್ವಿ, ಯಾವುದನ್ನ ಆಮೇಲೆ ಹಾಕಿದ್ವಿ ಅನ್ನೋದು ಬೇಡ. ಬೇಡದಿದ್ರೂ ಕಂಪ್ಯೂಟರು ಅದನ್ನ ನೆನಪಿಟ್ಟುಕೊಂಡು ಕೂತಿರುತ್ತೆ. ಅದಕ್ಕೇ ಜಾಗ ಹೋಗೋದು. ಕ್ರಮ ಅನ್ನೋದು ಎಷ್ಟು ಜಾಗ ತಿನ್ನುತ್ತೆ ಅಂದ್ರೆ ನೀವು ನಂಬಲ್ಲ. ನಾನೇನು ಮಾಡಿದೆ, ಪದಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿಬಿಟ್ಟೆ. ಒಂದೇ ಪದ ಸಾವಿರ ಸಲ ಬಂದಿದ್ರೆ ಒಂದು ಸಲ ಬರೆದು ಪಕ್ಕದಲ್ಲಿ ಸಾವಿರ ಅಂತ ಹಾಕಿದ್ರೆ ಮುಗೀತು. ‘ಅಂಗಡಿ’ ಆದಮೇಲೆ ‘ಅಂಗಳ’ ಬಂದ್ರೆ ಮೊದಲಿನ ಭಾಗ ಮತ್ತೆ ಬರೆಯೋ ಹಾಗೂ ಇಲ್ಲ, ಬದಲಾಗಿದ್ದು ಮಾತ್ರ ಸಾಕು.”

“ಅಯ್ಯೋ, ಇದನ್ನ ಮೊದಲೇ ಹೇಳಬಾರದಾ?” ಅಂದಳು ಅಕ್ಕ, ತನ್ನ ಒಡಕು ದನಿಯಲ್ಲಿ. “ಬೆಳಿಗ್ಗೆ ಬಂದು ಮೈಕಲ್ಲಿ ‘ಇವತ್ತು ಬಂದರಿಗೆ ಒಂಬತ್ತು ಬಸ್ಸು, ಅಣೆಕಟ್ಟಿಗೆ ಆರು ಬಸ್ಸು, ಯಾವುದು ಯಾವಾಗ ಅಂತ ನೀವೇ ಹುಡುಕ್ಕೊಳ್ಳಿ’ ಅಂದು ಮನೆಗೆ ಹೋಗಿ ಮಲಗಬಹುದಿತ್ತಲ್ಲೋ!”

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮರಿಯೂ ನಕ್ಕ. ನಗುತ್ತಾ ಸಿಹಿ ಗಂಟಲಿಗೆ ಸಿಕ್ಕಿ ಕೆಮ್ಮಿದ. ಅಕ್ಕನೇ ಎದ್ದು ಅವನ ನೆತ್ತಿ ತಟ್ಟಿ ನೀರು ಕುಡಿಸಿದಳು.

ಆಪರೇಷನ್ ಚೆನ್ನಾಗಿ ಆಯಿತು. ಕುತ್ತಿಗೆಯ ಬುಡದಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ತೆಳ್ಳನೆ ಬಟ್ಟೆ, ಕೈಯಲ್ಲಿ ಒಂದು ಸ್ಲೇಟು. ಗಾಜಿನ ಗೂಡಿಗೆ ಬೇರೆ ಯಾರೂ ಬರಲಿಲ್ಲ, ಒಂದು ಯಂತ್ರ ಬಂತು. ಅದು ಗಂಡ ಹೆಂಡತಿ ಜಗಳವನ್ನು ಗಮನಿಸುವುದಿಲ್ಲ. ಅಕ್ಕ ಸ್ವಲ್ಪ ಚೇತರಿಸಿಕೊಂಡ ಮೇಲೆ ಸ್ಲೇಟಿನಲ್ಲಿ ಮೊದಲು ಬರೆದ ದೊಡ್ಡ ಮಾತು, “ಮರಿ, ಕತೆ ತಾ.”

ತರುತ್ತೇನೆ ಅಂದ. ಸರ್ವರ್ ಕೆಟ್ಟಿದೆ ಅಂದ. ಮೇಲಿನವರ ಅಪ್ಪಣೆ ಬೇಕು, ಅವರು ರಜೆಯಲ್ಲಿದ್ದಾರೆ ಅಂದ. ಆಮೇಲಾಮೇಲೆ ಬರುವುದನ್ನೇ ಕಮ್ಮಿ ಮಾಡಿದ. ಚಿನಕುರುಳಿ ಬಂದಾಗಲೆಲ್ಲ ಅಜ್ಜಿಯ ಪಕ್ಕದಲ್ಲಿ ಕೂತು ಬಾಯಿ ನೋಡುತ್ತಿತ್ತು. ಓದಲು ಬಾರದ ಮಗುವಿಗೆ ಸ್ಲೇಟಿನಿಂದ ಏನು ಪ್ರಯೋಜನ? ಬರೆದುಕೊಡು, ನಾನು ಓದಿ ಹೇಳ್ತೀನಿ ಅಂದರೆ, “ಕತೆ ನಾಲಿಗೆಗೆ ಬರೋದು, ಬಳಪಕ್ಕೆ ಬರಲ್ಲ” ಅಂತ ಬರೆದು ತೋರಿಸಿದಳು. ಅಕ್ಕ ಬಸ್ಸಿನ ಚಿತ್ರ ಬರೆದು ತೋರಿಸಿದಳು. ಮಗು “ಇದು ಆಗಲೇ ಆಗಿದೆ, ಆಮೇಲೆ?” ಅಂತು. ಅಕ್ಕ ಸ್ಲೇಟನ್ನು ಮಗುಚಿಟ್ಟು ಗೋಡೆ ಕಡೆ ತಿರುಗಿದಳು.

ನನಗೆ ತಡೆಯಲಾಗಲಿಲ್ಲ. ಅರ್ಧ ದಿನ ರಜೆ ಹಾಕಿ ನೇರ ಅವನ ಆಫೀಸಿಗೆ ಹೋದೆ. ಬಾಗಿಲ ಕಾವಲುಗಾರ ತಡೆದ. ವಿಚಾರಣೆ ಕೌಂಟರಿನಲ್ಲಿ ಕೂತು ಕೂತು ಜನರನ್ನು ಹೇಗೆ ತಡೆಯುತ್ತಾರೆ, ಹೇಗೆ ದಾಟುತ್ತಾರೆ ಎರಡೂ ನನಗೆ ಕರತಲಾಮಲಕ. ಒಳಗೆ ಹೋಗಿ ಅವನ ಮೇಜಿನ ಎದುರು ಕೂತೆ. “ಕತೆ ಕೊಡೋವರೆಗೂ ಏಳಲ್ಲ. ಬೇಕಾದ್ರೆ ನನ್ನನ್ನೂ ಅಕಾರಾದಿಯಾಗಿ ಜೋಡಿಸಿಬಿಡು” ಅಂದೆ. ಸುತ್ತಲಿನವರು ತಿರುಗಿ ನೋಡಿದರು. ಅವನ ಮುಖ ಬಿಳುಚಿಕೊಂಡಿತು. “ಸಂಜೆ ಮನೆಗೆ ಬರ್ತೀನಿ, ನೀವೂ ಇರಿ ಆಂಟಿ” ಅಂದ. ಆ ದನಿ ಕೇಳಿದಾಗಲೇ ಕತೆಗೆ ಏನೋ ಆಗಿದೆ ಅಂತ ನನಗೆ ಗೊತ್ತಾಯಿತು.

ಸಂಜೆ ಬಂದ. ಕೈಯಲ್ಲಿ ಒಂದು ಕಾಗದದ ಕಟ್ಟು. ಅಕ್ಕ ಕನ್ನಡಕ ಹಾಕಿಕೊಂಡು ಕಟ್ಟು ಬಿಚ್ಚಿದಳು. ಮಗಳು ಮಗುವನ್ನು ಪಕ್ಕದ ಮನೆಗೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಳು. ನಾನು ಅಕ್ಕನ ಭುಜದ ಮೇಲಿನಿಂದ ಬಗ್ಗಿ ನೋಡಿದೆ. ಅಂಗಡಿ. ಅಂಗಳ. ಅಂಗಿ. ಅಂಗೈ. ಪ್ರತಿ ಪದದ ಪಕ್ಕದಲ್ಲಿ ಒಂದು ಸಂಖ್ಯೆ. ಮುಂದಿನ ಹಾಳೆಯಲ್ಲಿ ಆಕಾಶ, ಆಚೆ, ಆಣೆ. ಆಮೇಲೆ. ‘ಆಮೇಲೆ’ಯ ಪಕ್ಕದ ಸಂಖ್ಯೆ ಆ ಹಾಳೆಯಲ್ಲೇ ಎಲ್ಲಕ್ಕಿಂತ ದೊಡ್ಡದಾಗಿತ್ತು. ಅಷ್ಟು ಸಲ ಆಮೇಲೆ ಅಂದಿದ್ದಾಳೆ. ಯಾವುದಾದ ಮೇಲೆ ಯಾವುದು ಅನ್ನುವುದು ಮಾತ್ರ ಎಲ್ಲೂ ಇಲ್ಲ. ಕೊಡೆ ಇದೆ, ಮುದುಕ ಇದ್ದಾನೆ, ಬೀಗದ ಕೈ ಇದೆ. ಕೊಡೆ ಯಾರ ಕೈ ಸೇರಿತು, ಬೀಗದ ಕೈ ಯಾವ ಬಾಗಿಲು ತೆರೆಯಿತು, ಬಸ್ಸು ಎಲ್ಲಿಗೆ ಹೋಯಿತು, ಒಂದೂ ಇಲ್ಲ.

“ಒಂದು ಪದ ಕೂಡ ಕಳೆದಿಲ್ಲ ಅತ್ತೆ” ಅಂದ ಮರಿ. ಹಾಗೆ ಹೇಳುವುದಕ್ಕೆ ಅವನಿಗೆ ನಾಲಿಗೆ ಹೇಗೆ ಬಂತೋ.

“ದನಿ ಎಲ್ಲೋ?” ಅಂತ ನಾನು ಕೂಗಿದೆ.

“ಬರಹಕ್ಕೆ ಇಳಿಸಿದ ಮೇಲೆ ದನಿ ಅಳಿಸಿಬಿಡ್ತಾರೆ ಆಂಟಿ, ಅದು ಅಲ್ಲಿಯ ಪದ್ಧತಿ. ಬರಹನ ನಾನು ಬೇರೆ ಎತ್ತಿಡಬೇಕು ಅಂತಲೇ ಇದ್ದೆ. ಉಪಾಯ ಮಾಡಿ ತೋರಿಸು ಅಂದ್ರು. ಒಬ್ಬರೇ ಆಡಿದ ಅಷ್ಟು ಉದ್ದದ ಮಾತು ಅತ್ತೇದು ಬಿಟ್ಟು ಬೇರೆ ಯಾವುದೂ ಇರಲಿಲ್ಲ. ಅದನ್ನೇ ಹಾಕಿದೆ. ಹೊಸದು ತಯಾರಾದ ಕೂಡಲೆ ಹಳೇದು ತಾನಾಗಿ ಅಳಿಸಿಹೋಗೋ ಹಾಗೆ ಮಾಡಿದ್ದೆ, ಉಳಿದ ಜಾಗ ಲೆಕ್ಕಕ್ಕೆ ಬರ್ಲಿ ಅಂತ. ಎತ್ತಿಡೋದು ಆ ಗಡಿಬಿಡೀಲಿ ಮರೆತೆ. ಆಮೇಲೆ ತಿರುಗಿ ಜೋಡಿಸೋಕೆ ತುಂಬ ಪ್ರಯತ್ನ ಮಾಡಿದೆ. ಆಗಲ್ಲ ಅದು.”

ಮರೆತನಂತೆ. ಆ ಕತೆ ಕೇಳಿಯೇ ಬೆಳೆದವನು. ಪದಗಳು ಹೆಚ್ಚೋ ಅವುಗಳ ಸಾಲು ಹೆಚ್ಚೋ ಅಂತ ಬೇರೆ ಯಾರಿಗೆ ತಿಳಿಯದಿದ್ದರೂ ಅವನಿಗೆ ತಿಳಿದಿರಬೇಕಿತ್ತು. ನನಗೆ ಹೊಳೆಯದಿದ್ದ ಒಂದು ಪ್ರಶ್ನೆ ಅಕ್ಕನಿಗೆ ಹೊಳೆದಿತ್ತು. ಬಳಪ ತೆಗೆದುಕೊಂಡು ಸ್ಲೇಟಿನಲ್ಲಿ ಒಂದೇ ಪದ ಬರೆದು ಅವನ ಮುಂದೆ ಹಿಡಿದಳು.

“ಯಾವತ್ತು?”

ಅವನು ತಲೆ ತಗ್ಗಿಸಿದ. ಅಕ್ಕ ಸ್ಲೇಟನ್ನು ಕೆಳಗಿಳಿಸಲಿಲ್ಲ.

“ಬಡ್ತಿ ಸಿಕ್ಕಿದ ದಿನ” ಅಂದ. “ಸಿಹಿ ತಂದಿದ್ದೆನಲ್ಲ, ಅವತ್ತು ಬೆಳಿಗ್ಗೆ. ಅಳಿಸಿಹೋಗಿದ್ದು ಆಗಲೇ ಗೊತ್ತಾಗಿತ್ತು.”

ಬಾಗಿಲಲ್ಲಿ ನಿಂತಿದ್ದ ಮಗಳು ಮೆಲ್ಲಗೆ ಹೇಳಿದಳು. “ಅವತ್ತು ಅಮ್ಮಂಗೆ ಮಾತು ಬರ್ತಿತ್ತು ಕಣೋ.”

ಬರುತ್ತಿತ್ತು. ಅದಾದ ಮೇಲೂ ಎರಡು ವಾರಕ್ಕಿಂತ ಹೆಚ್ಚು ಬರುತ್ತಿತ್ತು. ಒಂದು ಮಾತು, “ಅತ್ತೆ, ತಪ್ಪಾಯ್ತು, ಇನ್ನೊಂದು ಸಲ ಹೇಳಿ” ಅಂದಿದ್ದರೆ ಅವಳು ಆ ಕ್ಷಣಕ್ಕೆ ಕಿವಿ ಹಿಂಡಿ, ಮರುಕ್ಷಣ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲಿನಿಂದ ಶುರುಮಾಡುತ್ತಿದ್ದಳು. ಗಂಟಲು ಹರಿದರೂ ಮುಗಿಸುತ್ತಿದ್ದಳು. ಇವನು ಹೇಳಲಿಲ್ಲ. ಬಡ್ತಿಯ ಸಂಭ್ರಮ ಕೆಡುತ್ತದೆ ಅಂತ ಹೇಳಲಿಲ್ಲ. ಬೈಗುಳ ತಿನ್ನಬೇಕಾಗುತ್ತದೆ ಅಂತ ಹೇಳಲಿಲ್ಲ. ಗಂಟಲಿಗೆ ರಜೆ ಕೊಟ್ಟಿದ್ದೇನೆ ಅಂತ ಅವಳು ಅವನ ಎದುರಿಗೇ ಬಾಯಿಗೆ ಬೆರಳಿಟ್ಟು ಸನ್ನೆ ಮಾಡಿದ್ದಳು. ಅದನ್ನು ನೋಡಿಯೂ ಸುಮ್ಮನಿದ್ದ. ಅವಳ ಕೈಯ ನೀರು ಕುಡಿದು, ಅವಳ ಆಶೀರ್ವಾದ ತೆಗೆದುಕೊಂಡು, ಆಸ್ಪತ್ರೆಯವರೆಗೂ ಅವಳ ಚೀಲ ಹೊತ್ತುಕೊಂಡು ಬಂದ. ನಂಬಿಸಿ ಕತ್ತು ಕೊಯ್ಯುವುದು ಅಂತ ನಾವು ಸುಮ್ಮನೆ ಮಾತಿಗೆ ಹೇಳುತ್ತೇವೆ. ಡಾಕ್ಟರು ಅವಳನ್ನು ಕೇಳಿ, ಒಪ್ಪಿಸಿ, ಕೊಯ್ದರು. ಇವನು ನಂಬಿಸಿ ಕೊಯ್ದ.

“ಅತ್ತೆ, ಬೈಯಿರಿ. ಹೊಡೀರಿ. ಏನಾದ್ರೂ ಬರೀರಿ” ಅಂತ ಅವಳ ಕಾಲ ಬಳಿ ಕೂತ. ಅಳುತ್ತಿದ್ದ. ಅವನ ಅಳು ನಿಜವೇ ಇರಬೇಕು. ನನಗೆ ಚೂರೂ ಕನಿಕರ ಬರಲಿಲ್ಲ.

ಅಕ್ಕ ಬಳಪ ಮುಟ್ಟಲಿಲ್ಲ. ಕಾಗದದ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾಳೆ ಮಗುಚತೊಡಗಿದಳು. ಅಕಾರಾದಿಯಲ್ಲಿ ಇದ್ದುದರಿಂದ ಹುಡುಕುವುದು ಕಷ್ಟವಾಗಲಿಲ್ಲ. ಬೇಕಾದ ಪದ ಸಿಕ್ಕಿದ ಕಡೆ ನಿಂತು, ಉಗುರಿನಿಂದ ಗೀರಿ, ಆ ಪದವಿದ್ದ ಚೂರನ್ನಷ್ಟೇ ಹರಿದುಕೊಂಡಳು. ಇ ಅಕ್ಷರದ ಹಾಳೆಯಿಂದ ಎರಡು. ನ ಅಕ್ಷರದ್ದರಿಂದ ಒಂದು. ಬ ಅಕ್ಷರದ್ದರಿಂದ ಒಂದು. ಎಲ್ಲವೂ ಅವಳೇ ಆಡಿದ ಪದಗಳು. ನಾಲ್ಕನ್ನೂ ಮುಷ್ಟಿಯಲ್ಲಿ ಕಲಸಿ ಅವನ ಅಂಗೈಗೆ ಸುರಿದಳು. ಸುರಿದು ಎದ್ದು ಅಡಿಗೆಮನೆಗೆ ಹೋದಳು.

ಮರಿ ಆ ಚೂರುಗಳನ್ನು ನೆಲದ ಮೇಲೆ ಹರಡಿದ. ಇಲ್ಲಿಗೆ. ಬರಬೇಡ. ಇನ್ನು. ನೀನು. ಅವನು ‘ನೀನು’ವನ್ನು ಮುಂದೆ ತಂದು ನೋಡಿದ. ‘ಬರಬೇಡ’ವನ್ನು ಮೊದಲಿಗಿಟ್ಟು ನೋಡಿದ. ‘ಇನ್ನು’ವನ್ನು ಕೊನೆಗೆ ತಳ್ಳಿದ, ಮತ್ತೆ ನಡುವೆ ತಂದ. ಎಷ್ಟೋ ಹೊತ್ತು ಹಾಗೇ ಸರಿಸುತ್ತಾ ಕೂತಿದ್ದ. ಹೇಗೆ ಜೋಡಿಸಿದರೂ ಅದು ಒಂದೇ ಮಾತನ್ನು ಹೇಳುತ್ತಿತ್ತು.